ಸೊಮ್ ತಮ್: ಥಾಯ್ಲೆಂಡಿನ ಪರಂಗಿಕಾಯಿ ಸಲಾಡನ್ನು ಮನೆಯಲ್ಲಿ ಕುಟ್ಟುವ ಬಗೆ

ಕಡಲೆಕಾಯಿ ಬೀಜ ಹುರಿಯುವುದೊಂದನ್ನು ಬಿಟ್ಟರೆ ಸೊಮ್ ತಮ್‌ಗೆ ಒಲೆಯ ಹಂಗಿಲ್ಲ. ಸಾಮಾನೆಲ್ಲ ಕೈಗೆಟುಕುವಂತೆ ಇಟ್ಟುಕೊಂಡರೆ ಕುಟ್ಟುವುದು ಐದು ನಿಮಿಷದ ಕೆಲಸ. ಆದರೂ ಮನೆಯಲ್ಲಿ ಮಾಡಿದವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು: ನೀರು ಬಿಟ್ಟುಕೊಂಡಿತು, ಸಪ್ಪೆಯಾಯಿತು, ಕಾಯಿ ಬೇರೆ ರಸ ಬೇರೆ ಆಗಿ ನಿಂತಿತು. ಸಾಮಾನಿನ ಅಳತೆ ಸರಿಯಿದ್ದರೂ ಹೀಗಾಗುತ್ತದೆ. ಕಾಯಿಯ ಎಳೆ ತೆಗೆದ ರೀತಿ, ಒರಳಿನಲ್ಲಿ ಕೈ ಆಡಿಸಿದ ರೀತಿ, ರುಚಿ ನೋಡಿದ ಹೊತ್ತು, ಈ ಮೂರರಲ್ಲಿ ಒಂದು ತಪ್ಪಿರುತ್ತದೆ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಅವಕ್ಕೇ.

ಇದರ ತವರು ಥಾಯ್ಲೆಂಡಿನ ಈಶಾನ್ಯಕ್ಕಿರುವ ಇಸಾನ್ ಸೀಮೆ ಮತ್ತು ಮೆಕಾಂಗ್ ನದಿಯಾಚೆಯ ಲಾವೋಸ್. ಲಾವೋಸಿನಲ್ಲಿ ಇದು ತಮ್ ಮಾಕ್ ಹುಂಗ್. ಪರಂಗಿ, ಮೆಣಸಿನಕಾಯಿ ಎರಡೂ ನಮ್ಮಲ್ಲಿಗೆ ಬಂದ ಹಾಗೆಯೇ ಅಲ್ಲಿಗೂ ಅಮೆರಿಕ ಖಂಡದಿಂದ ಐರೋಪ್ಯರ ಹಡಗಿನ ಕಾಲದಲ್ಲಿ ಬಂದಂಥವು. ಇಸಾನ್ ಮತ್ತು ಲಾವೋ ಮನೆಗಳ ಸಲಾಡಿನಲ್ಲಿ ಸಿಹಿ ಕಡಿಮೆ, ಕಡಲೆಕಾಯಿ ಇಲ್ಲ. ಪ್ಲಾ ರಾ ಎಂಬ ಹುದುಗಿಸಿದ ಸಿಹಿನೀರಿನ ಮೀನಿನ ಗಾಢ ರಸ ಬೀಳುತ್ತದೆ, ಕೆಲವೊಮ್ಮೆ ಉಪ್ಪಿನಲ್ಲಿ ಹಾಕಿದ ಪುಟ್ಟ ಏಡಿಯೂ ಬೀಳುತ್ತದೆ. ಬ್ಯಾಂಕಾಕಿನ ಬೀದಿಯಲ್ಲಿ ‘ತಮ್ ಥಾಯ್’ ಎಂದು ಕೇಳಿದರೆ ಸಿಗುವುದು ತಾಳೆಬೆಲ್ಲ, ಒಣ ಸೀಗಡಿ, ಕಡಲೆಕಾಯಿ ಬೀಜ ಹಾಕಿದ್ದು. ಹೊರದೇಶದ ಥಾಯ್ ಹೋಟೆಲುಗಳಲ್ಲಿ ಬಹುಮಟ್ಟಿಗೆ ಇದೇ. ಮೊದಲು ಕಲಿಯಲು ಸುಲಭವಾದದ್ದೂ ಇದೇ ಆದ್ದರಿಂದ ಇಲ್ಲಿ ಹೇಳುತ್ತಿರುವುದು ತಮ್ ಥಾಯ್.

ಕಾಯಿ

ಪರಂಗಿಕಾಯಿ ಪೂರ್ತಿ ಹಸಿಯಾಗಿರಬೇಕು. ಸಿಪ್ಪೆ ಕಡುಹಸಿರು, ಎಲ್ಲೂ ಹಳದಿ ಗೆರೆ ಇರಬಾರದು, ಹೆಬ್ಬೆರಳಿನಿಂದ ಒತ್ತಿದರೆ ಕಲ್ಲಿನಂತಿರಬೇಕು. ಉಗುರಿನಿಂದ ಗೀರಿದರೆ ತಕ್ಷಣ ಬಿಳಿ ಸೊನೆ ಒಸರಿದರೆ ಕಾಯಿ ಹೊಸದು. ಒಸರದಿದ್ದರೆ ಕಿತ್ತು ದಿನಗಳಾಗಿವೆ, ಎಳೆ ಗರಿಗರಿ ಬರುವುದಿಲ್ಲ. ಕೊಯ್ದಾಗ ಒಳಗಿನ ತಿರುಳು ಬಿಳಿ ಅಥವಾ ತೆಳುಹಸಿರಾಗಿರಬೇಕು. ಬೀಜ ಬಿಳಿಯಾಗಿದ್ದರೆ ಉತ್ತಮ. ಕಪ್ಪಾಗಿದ್ದರೂ ತಿರುಳು ಬಿಳಿಯಿದ್ದರೆ ನಡೆಯುತ್ತದೆ. ತಿರುಳಿನಲ್ಲಿ ಕಿತ್ತಳೆ ಬಣ್ಣ ಕಂಡರೆ ಸಿಹಿ ಬಂದಿದೆ, ಮೆತ್ತಗಾಗಿದೆ ಎಂದರ್ಥ. ಅದನ್ನು ಹಣ್ಣಾಗಲು ಬಿಡಿ.

ಹಣ್ಣಿನಂಗಡಿಯಲ್ಲಿ ಇಂಥ ಕಾಯಿ ಸಿಗುವುದು ಅಪರೂಪ, ಅಲ್ಲಿರುವುದು ಬಣ್ಣ ತಿರುಗಲು ಶುರುವಾದ ಮಾಲು. ತರಕಾರಿ ಮಾರುಕಟ್ಟೆಯಲ್ಲಿ ಕೇಳಿ, ಅಥವಾ ಹಿತ್ತಲಲ್ಲಿ ಗಿಡವಿರುವವರಿಂದ ಕೀಳಿಸಿಕೊಳ್ಳಿ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ರೆಡ್ ಲೇಡಿ ತಳಿಯ ಕಾಯಿ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. 800 ಗ್ರಾಂನಿಂದ 1 ಕಿಲೋ ತೂಗುವ ಒಂದು ಕಾಯಿಯಲ್ಲಿ ಇಬ್ಬರಿಗೆಂದು ಎರಡು ಸಲ ಮಾಡುವಷ್ಟು ಎಳೆ ಸಿಗುತ್ತದೆ.

ಗರ್ಭಿಣಿಯರಿಗೆ ಇದು ಬೇಡ. ಪರಂಗಿಯ ಸೊನೆ ಗರ್ಭಕೋಶವನ್ನು ಸಂಕುಚಿಸುವುದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ನಮ್ಮ ಹಿರಿಯರ ಎಚ್ಚರಿಕೆಯನ್ನು ಇಲ್ಲಿ ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ರಬ್ಬರ್ ಕೈಗವಸಿನ ಅಲರ್ಜಿ ಇರುವವರಿಗೂ ಪರಂಗಿ ಆಗದಿರಬಹುದು. ಅಂಥವರಿಗಾಗಿ ಸೌತೆಕಾಯಿಯ ತಮ್, ಅಂದರೆ ಕುಟ್ಟಿದ ಸಲಾಡ್ ಇದೆ, ಕೊನೆಯಲ್ಲಿ ಬರುತ್ತದೆ.

ಸಾಮಾನು, ಇಬ್ಬರಿಗೆ

- ಪರಂಗಿಕಾಯಿ ಎಳೆ: 200 ಗ್ರಾಂ
- ಬೆಳ್ಳುಳ್ಳಿ: ನಾಟಿಯಾದರೆ 5 ಎಸಳು, ದಪ್ಪದ್ದಾದರೆ 2
- ಖಾರದ ಸಣ್ಣ ಮೆಣಸಿನಕಾಯಿ: 2ರಿಂದ 5
- ತಾಳೆಬೆಲ್ಲ: 20 ಗ್ರಾಂ, ತುರಿದರೆ ಸುಮಾರು ಒಂದೂವರೆ ಟೇಬಲ್ ಚಮಚ
- ಫಿಶ್ ಸಾಸ್: ಒಂದೂವರೆ ಟೇಬಲ್ ಚಮಚ
- ನಿಂಬೆರಸ: 2 ಟೇಬಲ್ ಚಮಚ, ಎರಡು ಮೂರು ಹಣ್ಣಿನದು
- ಉದ್ದ ಅಲಸಂದೆಕಾಯಿ: 2, ಎರಡು ಇಂಚಿನ ತುಂಡು
- ಚೆರ್ರಿ ಟೊಮೆಟೊ 6, ಅಥವಾ ಗಟ್ಟಿಯಾದ ನಾಟಿ ಟೊಮೆಟೊ 1
- ಒಣ ಸೀಗಡಿ: 1 ಟೇಬಲ್ ಚಮಚ
- ಹುರಿದ ಕಡಲೆಕಾಯಿ ಬೀಜ: 2 ಟೇಬಲ್ ಚಮಚ

ಟೇಬಲ್ ಚಮಚ ಅಂದರೆ 15 ಮಿ.ಲೀ.

ಫಿಶ್ ಸಾಸ್ ಕೊಳ್ಳುವಾಗ ಬಾಟಲಿಯ ಹಿಂದೆ ಓದಿ. ಆಂಚೊವಿ ಮೀನು, ಉಪ್ಪು, ಹೆಚ್ಚೆಂದರೆ ಸ್ವಲ್ಪ ಸಕ್ಕರೆ, ಇಷ್ಟೇ ಇದ್ದರೆ ಒಳ್ಳೆಯದು. ಮೂಸಿ ನೋಡಿ ಗಾಬರಿಯಾಗಬೇಡಿ, ನಿಂಬೆರಸ ಬಿದ್ದಮೇಲೆ ಆ ವಾಸನೆ ಹಿಂದೆ ಸರಿಯುತ್ತದೆ. ಈ ಸಲಾಡಿಗೆ ಉಪ್ಪು ಬರುವುದೆಲ್ಲ ಇದರಿಂದಲೇ, ಬೇರೆ ಉಪ್ಪು ಹಾಕುವ ಹಾಗಿಲ್ಲ.

ತಾಳೆಬೆಲ್ಲಕ್ಕೆ ಥಾಯ್ಲೆಂಡಿನಲ್ಲಿ ಸಿಗುವುದು ಮೆತ್ತಗಿನ, ತಿಳಿಕಂದು ಬಣ್ಣದ ಮುದ್ದೆ. ತಾಳೆ ಅಥವಾ ತೆಂಗಿನ ನೀರಾ ಕಾಯಿಸಿ ಮಾಡಿದ್ದು. ಕರಾವಳಿಯವರಿಗೆ ಓಲೆಬೆಲ್ಲ ಸಿಕ್ಕರೆ ಬೇರೇನೂ ಹುಡುಕಬೇಡಿ. ಅದು ಗಟ್ಟಿಯಿರುವುದರಿಂದ ಸಣ್ಣಗೆ ತುರಿದು, ಒಂದು ಟೀ ಚಮಚ ಬಿಸಿನೀರಿನಲ್ಲಿ ಕರಗಿಸಿ ಸೋಸಿಟ್ಟುಕೊಳ್ಳಿ, ಮರಳಿದ್ದರೆ ಹೋಗುತ್ತದೆ. ಕಬ್ಬಿನ ಬೆಲ್ಲವೂ ಆದೀತು, ಆದರೆ ತಿಳಿ ಬಣ್ಣದ್ದನ್ನೇ ಆರಿಸಿ. ಕಪ್ಪು ಬೆಲ್ಲ ಹಾಕಿದರೆ ಸಲಾಡಿಗೆ ಗೊಜ್ಜಿನ ರುಚಿ ಬಂದುಬಿಡುತ್ತದೆ. ಬಿಳಿ ಸಕ್ಕರೆ ಸಿಹಿಯನ್ನಷ್ಟೇ ಕೊಡುತ್ತದೆ, ರಸಕ್ಕೆ ಮೈ ಬರುವುದಿಲ್ಲ.

ನಿಂಬೆಯ ವಿಷಯದಲ್ಲಿ ನಮಗೆ ಅನುಕೂಲವಿದೆ. ತೆಳುಸಿಪ್ಪೆಯ ನಮ್ಮ ಸಣ್ಣ ನಿಂಬೆ ಥಾಯ್ಲೆಂಡಿನವರು ಬಳಸುವ ನಿಂಬೆಯ ಜಾತಿಯದೇ. ವಿದೇಶದಲ್ಲಿ ಇರುವವರು ಹಳದಿ ಲೆಮನ್ ಬಿಟ್ಟು ಹಸಿರು ಲೈಮ್ ತೆಗೆದುಕೊಳ್ಳಿ. ಬಾಟಲಿ ರಸ ಬೇಡವೇ ಬೇಡ.

ಮೆಣಸಿಗೆ ಮಲೆನಾಡು, ಕರಾವಳಿಯ ಸೂಜಿಮೆಣಸು ಹತ್ತಿರದ ನೆಂಟ. ಖಾರ ಜಾಸ್ತಿ, ಎರಡರಿಂದ ಶುರುಮಾಡಿ. ಮಾಮೂಲಿ ಹಸಿಮೆಣಸಿನಕಾಯಿ ಹಾಕಿದರೆ ಹಸಿವಾಸನೆ ಮುಂದೆ ಬರುತ್ತದೆ, ಅಷ್ಟು ಹೊಂದುವುದಿಲ್ಲ.

ಒಣ ಸೀಗಡಿಯಲ್ಲಿ ವ್ಯತ್ಯಾಸ ಗಮನಿಸಿ. ಥಾಯ್ ಸೀಗಡಿ ಚಿಪ್ಪು ತೆಗೆದದ್ದು, ತುಸು ಮೆತ್ತಗೆ, ಹಾಗೆಯೇ ಹಾಕಬಹುದು. ಮಂಗಳೂರು, ಕಾರವಾರದ ಕಡೆ ಚಟ್ನಿಗೆ ತರುವ ಒಣ ಸೀಗಡಿಗೆ ತಲೆ ಚಿಪ್ಪು ಎರಡೂ ಇರುತ್ತವೆ. ತಲೆ ಬಾಲ ಚಿವುಟಿ, ಮರಳು ಹೋಗುವಂತೆ ಬೇಗ ತೊಳೆದು ಒರೆಸಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದು ಹಾಕಿ.

ಕಡಲೆಕಾಯಿ ಬೀಜ ಅಂಗಡಿಯ ಉಪ್ಪಿನದು ಬೇಡ. ಹಸಿ ಬೀಜವನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಹುರಿದು, ಪೂರ್ತಿ ಆರಿದಮೇಲೆ ಸಿಪ್ಪೆ ಉಜ್ಜಿ ತೆಗೆಯಿರಿ. ಬಿಸಿಯಿರುವಾಗಲೇ ಹಾಕಿದರೆ ಮೆತ್ತಗಾಗುತ್ತದೆ.

ಸಸ್ಯಾಹಾರಿಗಳು ಒಣ ಸೀಗಡಿ ಬಿಟ್ಟು, ಫಿಶ್ ಸಾಸ್ ಬದಲು ಒಂದೂವರೆ ಟೇಬಲ್ ಚಮಚ ತಿಳಿ ಸೋಯಾ ಸಾಸ್, ಕಾಲು ಟೀ ಚಮಚ ಉಪ್ಪು ಹಾಕಿಕೊಳ್ಳಿ. ಫಿಶ್ ಸಾಸ್ ಸೋಯಾಗಿಂತ ಉಪ್ಪು, ಆ ಕೊರತೆ ತುಂಬಲು ಈ ಉಪ್ಪು. ಗಾಢ ಕಪ್ಪು ಸೋಯಾ ಸಾಸ್ ಬೇಡ, ಬಣ್ಣವೂ ಕೆಡುತ್ತದೆ ರುಚಿಯೂ ಕೆಡುತ್ತದೆ. ಸೀಗಡಿ ಬಿಟ್ಟ ಜಾಗಕ್ಕೆ ಕಡಲೆಕಾಯಿ ಬೀಜ ಒಂದು ಚಮಚ ಜಾಸ್ತಿ ಮಾಡಿ. ಥಾಯ್ಲೆಂಡಿಗೆ ಹೋದವರಿಗೆ ಒಂದು ಮಾತು: ಮಾಂಸ ಕಾಣದ ಸೊಮ್ ತಮ್‌ನಲ್ಲೂ ಮೀನಿನ ರಸ ಇದ್ದೇ ಇರುತ್ತದೆ. ‘ಜೇ’ ಎಂದು ಕೇಳಿ. ಅದು ಕಟ್ಟುನಿಟ್ಟಿನ ಸಸ್ಯಾಹಾರ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ.

ಎಳೆ ತೆಗೆಯುವುದು

ಸೊನೆ ಕೈಗೆ ತಾಗಿದರೆ ಕೆಲವರಿಗೆ ತುರಿಕೆ. ಅಂಗೈಗೆ ಒಂದು ತೊಟ್ಟು ಎಣ್ಣೆ ಸವರಿಕೊಳ್ಳಿ. ತೊಟ್ಟಿನ ಭಾಗ ಕತ್ತರಿಸಿ, ಸಿಪ್ಪೆಯನ್ನು ಹಸಿರು ಉಳಿಯದಂತೆ ತೆಗೆದು, ಸೊನೆ ಹೋಗುವವರೆಗೆ ತೊಳೆಯಿರಿ.

ಥಾಯ್ ಬೀದಿಯಂಗಡಿಯವರು ಇಡೀ ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಭಾರದ ಕತ್ತಿಯಿಂದ ಉದ್ದುದ್ದಕ್ಕೆ ಪಟಪಟನೆ ಕೊಚ್ಚುತ್ತಾರೆ, ಆಮೇಲೆ ಮೇಲಿನ ಪದರವನ್ನು ಹೆರೆಯುತ್ತಾರೆ. ನೋಡಲು ಚಂದ, ಬೆರಳಿಗೆ ಅಪಾಯ. ಮನೆಯಲ್ಲಿ ಹೀಗೆ ಮಾಡಿ: ಕಾಯಿಯ ಒಂದು ಪಕ್ಕವನ್ನು ತೆಳ್ಳಗೆ ಹೆರೆದು ಮಣೆಯ ಮೇಲೆ ಉರುಳದಂತೆ ಕೂರಿಸಿ. ಚೂಪಾದ ಚಾಕುವಿನಿಂದ ಉದ್ದಕ್ಕೆ, ಎರಡು ಮೂರು ಮಿಲಿಮೀಟರ್ ಅಂತರದಲ್ಲಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಗೀರು ಹಾಕುತ್ತ ಹೋಗಿ. ಆ ಮೇಲ್ಪದರವನ್ನು ತೆಳುವಾಗಿ ಹೆರೆದರೆ ಎಳೆಗಳು ಬಿಡಿಬಿಡಿಯಾಗಿ ಬೀಳುತ್ತವೆ. ಮತ್ತೆ ಗೀರು, ಮತ್ತೆ ಹೆರೆ; ಬೀಜದ ಗೂಡು ಕಾಣುವ ಮುಂಚೆ ನಿಲ್ಲಿಸಿ ಕಾಯಿ ತಿರುಗಿಸಿ. ಎಂಟು ಹತ್ತು ಸೆಂಟಿಮೀಟರ್ ಉದ್ದ ಸಾಕು. ಎಳೆಗಳಲ್ಲಿ ದಪ್ಪ ಸಪೂರ ಬೆರೆತಿರುವುದೇ ಈ ವಿಧಾನದ ಲಾಭ. ಸಪೂರದ್ದು ರಸ ಹೀರುತ್ತದೆ, ದಪ್ಪದ್ದು ಹಲ್ಲಿಗೆ ಕರುಮುರು ಅನ್ನುತ್ತದೆ.

ಅಲೆಯಲಗಿನ ಥಾಯ್ ಹೆರೆಮಣೆ ಆನ್‌ಲೈನಿನಲ್ಲಿ ಸಿಗುತ್ತದೆ, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದೆಳೆ ಬರುವ ಸ್ಲೈಸರ್ ಇದ್ದರೆ ಅದರಲ್ಲಿ ಮೂರು ಮಿಲಿಮೀಟರ್ ಅಲಗು ಹಾಕಿ. ಕ್ಯಾರೆಟ್ ತುರಿಯುವ ಮಣೆ ಮಾತ್ರ ಬೇಡ. ಅದು ಕಾಯಿಯನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ. ಹರಿದ ತುರಿಯಿಂದ ನೀರು ಆಗಲೇ ಸೋರಲು ಶುರು, ಕುಟ್ಟುವ ಹೊತ್ತಿಗೆ ಮುದ್ದೆ.

ತೆಗೆದ ಎಳೆಯನ್ನು ಐಸ್ ಹಾಕಿದ ನೀರಿನಲ್ಲಿ 10ರಿಂದ 15 ನಿಮಿಷ ಮುಳುಗಿಸಿಡಿ. ಉಳಿದ ಸೊನೆ ಬಿಡುತ್ತದೆ, ಎಳೆ ನೀರು ಹೀರಿ ಬಿರುಸಾಗುತ್ತದೆ. ಅರ್ಧ ಗಂಟೆ ಬಿಟ್ಟರೆ ಹೆಚ್ಚಿನ ಲಾಭವೇನಿಲ್ಲ. ಆಮೇಲಿನ ಕೆಲಸವನ್ನು ಹೆಚ್ಚಿನವರು ಉಪೇಕ್ಷೆ ಮಾಡುತ್ತಾರೆ: ನೀರನ್ನು ಪೂರ್ತಿ ತೆಗೆಯಬೇಕು. ಜಾಲರಿಯಲ್ಲಿ ಸೋಸಿದರೆ ಸಾಲದು. ಒಣಗಿದ ಪಂಚೆಯ ಬಟ್ಟೆಯಲ್ಲಿ ಗಂಟುಕಟ್ಟಿ, ಬಾಲ್ಕನಿಯಲ್ಲೋ ಅಂಗಳದಲ್ಲೋ ನಿಂತು ನಾಲ್ಕು ಸಲ ಜೋರಾಗಿ ಬೀಸಿ. ಆಮೇಲೆ ಐದು ನಿಮಿಷ ಒಣಬಟ್ಟೆಯ ಮೇಲೆ ಹರಡಿ. ಎಳೆಗೆ ಅಂಟಿ ಉಳಿದ ನೀರೆಲ್ಲ ನಿಮ್ಮ ರಸಕ್ಕೆ ಸೇರುತ್ತದೆ.

ಒರಳು

ಸೊಮ್ ತಮ್‌ನ ಒರಳು ಸುಟ್ಟ ಮಣ್ಣಿನದು, ಬಾಯಿ ಅಗಲ, ತಳ ಕಿರಿದು, ಆಳವಾದದ್ದು. ಕುಟ್ಟುವ ಕೋಲು ಮರದ್ದು. ಥಾಯ್ ಅಡುಗೆಮನೆಯಲ್ಲಿ ಕಲ್ಲಿನ ಒರಳೂ ಇರುತ್ತದೆ, ಆದರೆ ಅದು ಸಾರಿನ ಮಸಾಲೆ ಅರೆಯಲು. ಮಣ್ಣು ಮತ್ತು ಮರ ಎರಡೂ ಮೆತ್ತಗಿನವು, ಏಟು ಬಿದ್ದಾಗ ಕಾಯಿ ಜಜ್ಜುತ್ತದೆ, ನುಣ್ಣಗಾಗುವುದಿಲ್ಲ. ಇಳಿಜಾರು ಗೋಡೆಯಿಂದಾಗಿ ಮೇಲೆ ಹಾರಿದ ಎಳೆ ತಾನಾಗಿ ನಡುವಿಗೆ ಜಾರುತ್ತದೆ.

ಇದು ಇಲ್ಲದಿದ್ದರೆ ಕೆಲಸವನ್ನು ಎರಡು ಪಾತ್ರೆಗೆ ಹಂಚಿ. ಬೆಳ್ಳುಳ್ಳಿ, ಮೆಣಸು, ಬೆಲ್ಲವನ್ನು ಮನೆಯ ಕುಟ್ಟಾಣಿಯಲ್ಲಿ ಜಜ್ಜಿ ರಸ ಮಾಡಿಕೊಳ್ಳಿ. ಕಾಯಿಗೆ ದಪ್ಪ ತಳದ, ಆಳದ ಸ್ಟೀಲ್ ಪಾತ್ರೆ ಅಥವಾ ಮರದ ದೊಡ್ಡ ಬಟ್ಟಲು ಬಳಸಿ. ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಜಾರುವುದಿಲ್ಲ. ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ಅದರ ತುದಿಯಿಂದ ಕುಟ್ಟಿ. ಮಿಕ್ಸಿ ಯಾವ ಹಂತದಲ್ಲೂ ಬೇಡ. ಅಲಗು ಬೆಳ್ಳುಳ್ಳಿಯನ್ನು ಪೇಸ್ಟ್ ಮಾಡಿ ಘಾಟು ಎಬ್ಬಿಸುತ್ತದೆ, ಮೆಣಸು ನುಣ್ಣಗಾಗಿ ಖಾರ ಕೈಮೀರುತ್ತದೆ.

ಕುಟ್ಟುವುದು

ಮೊದಲು ಬೆಳ್ಳುಳ್ಳಿ, ಮೆಣಸು. ಜೊತೆಗೆ ಕಡಲೆಕಾಯಿ ಬೀಜದ ನಾಲ್ಕೈದು ಕಾಳು ಹಾಕಿದರೆ ಮೆಣಸು ಕಣ್ಣಿಗೆ ಸಿಡಿಯುವುದು ಕಡಿಮೆ. ತುಂಡು ಕಾಣುವಷ್ಟು ಒರಟಾಗಿ ಜಜ್ಜಿ. ಖಾರ ಎಷ್ಟೆಂದು ನಿರ್ಧಾರವಾಗುವುದು ಮೆಣಸಿನ ಎಣಿಕೆಯ ಜೊತೆಗೆ ಏಟಿನ ಎಣಿಕೆಯಿಂದಲೂ. ಮೂರೇ ಏಟು ಕೊಟ್ಟು ಇಡಿಯಾಗಿ ಉಳಿಸಿದರೆ ಸುವಾಸನೆ ಮುಂದೆ, ಖಾರ ಹಿಂದೆ.

ಬೆಲ್ಲ ಹಾಕಿ ಒತ್ತಿ. ಅಲಸಂದೆ ತುಂಡು ಹಾಕಿ ಸೀಳುವವರೆಗೆ ಜಜ್ಜಿ. ಸೀಳದ ಅಲಸಂದೆಯೊಳಗೆ ರಸ ಇಳಿಯುವುದಿಲ್ಲ. ಒಣ ಸೀಗಡಿ, ಕಡಲೆಕಾಯಿ ಬೀಜದಲ್ಲಿ ಅರ್ಧ ಹಾಕಿ ಎರಡೇಟು ಕೊಡಿ. ಬೀಜ ಒಡೆದರೆ ಸಾಕು, ಹೆಚ್ಚು ಕುಟ್ಟಿದರೆ ಎಣ್ಣೆ ಬಿಟ್ಟು ರಸ ಮಡ್ಡಿಯಾಗುತ್ತದೆ.

ಫಿಶ್ ಸಾಸ್, ನಿಂಬೆರಸ ಸುರಿಯಿರಿ. ಹಿಂಡಿದ ನಿಂಬೆಯ ಒಂದು ಹೋಳನ್ನು ಒಳಗೇ ಹಾಕಿ ಒಮ್ಮೆ ಒತ್ತಿದರೆ ಸಿಪ್ಪೆಯ ಎಣ್ಣೆಯ ಪರಿಮಳ ಬರುತ್ತದೆ. ಒಮ್ಮೆ ಮಾತ್ರ, ಮೂರು ಸಲ ಒತ್ತಿದರೆ ಕಹಿ. ಬೆಲ್ಲ ಕರಗುವವರೆಗೆ ಚಮಚದಲ್ಲಿ ತಿರುವಿ. ಇಲ್ಲಿ ರುಚಿ ನೋಡಿ. ಈ ರಸ ಹಾಗೇ ಕುಡಿಯಲಾಗದಷ್ಟು ತೀಕ್ಷ್ಣವಾಗಿರಬೇಕು: ಮೊದಲು ಹುಳಿ, ಹಿಂದೆಯೇ ಉಪ್ಪು, ಕೊನೆಗೆ ಸಿಹಿ, ಆಮೇಲೆ ಉರಿ. ನಾಲಿಗೆಗೆ ಹಿತವಾಗಿದೆ ಅನ್ನಿಸಿದರೆ ಕಾಯಿ ಬಿದ್ದಮೇಲೆ ಸಪ್ಪೆಯಾಗುವುದು ಖಂಡಿತ. ಏಕೆಂದರೆ ಹಸಿ ಪರಂಗಿಗೆ ತನ್ನದೇ ರುಚಿ ಬಹಳ ಕಡಿಮೆ.

ಈಗ ಪರಂಗಿ ಎಳೆ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಉದ್ದ ಹಿಡಿಯ ದೊಡ್ಡ ಚಮಚ. ಕೋಲನ್ನು ನಟ್ಟನಡುವೆ ಇಳಿಸದೆ ಒರಳಿನ ಗೋಡೆಯ ಪಕ್ಕಕ್ಕೆ ಬೀಳಿಸಿ. ಅದು ಏಳುತ್ತಿದ್ದಂತೆ ಎದುರು ಬದಿಯಿಂದ ಚಮಚ ತಳಕ್ಕೆ ಹೋಗಿ ಎಳೆಯನ್ನು ಮಗುಚಿ ಕೋಲಿನ ಕೆಳಗೆ ತರಬೇಕು. ಒಂದು ಏಟು, ಒಂದು ಮಗುಚು. ಮಣಿಕಟ್ಟು ಸಡಿಲ ಇರಲಿ, ಕೋಲಿನ ಭಾರವೇ ಸಾಕು, ತೋಳಿನ ಬಲ ಬೇಡ. ಲಯ ಸರಿಯಾದರೆ ಮಣ್ಣಿನ ಒರಳು ಪೊಕ್, ಪೊಕ್ ಅನ್ನುತ್ತದೆ. ಟಕ್ ಎಂದರೆ ನೀವು ಕಾಯಿ ಬಿಟ್ಟು ತಳಕ್ಕೆ ಹೊಡೆಯುತ್ತಿದ್ದೀರಿ. ಹದಿನೈದು ಇಪ್ಪತ್ತು ಏಟು ಸಾಕು. ಒಂದು ಎಳೆ ಎತ್ತಿ ನೋಡಿ: ತುಸು ಬಾಗುತ್ತದೆ, ಅಂಚು ಪಾರದರ್ಶಕವಾಗಿದೆ, ಕಚ್ಚಿದರೆ ಇನ್ನೂ ಸದ್ದಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಟೊಮೆಟೊ ಕೊನೆಗೆ. ಹೋಳು ಮಾಡಿ, ನೀರು ಜಾಸ್ತಿಯಿದ್ದರೆ ಬೀಜ ಸ್ವಲ್ಪ ತೆಗೆದು ಹಾಕಿ, ಮೂರು ನಾಲ್ಕು ಮೆಲುವಾದ ಏಟು. ಮತ್ತೊಮ್ಮೆ ರುಚಿ ನೋಡಿ, ಬೇಕಾದ್ದು ಸೇರಿಸಿ. ತಟ್ಟೆಗೆ ರಸದ ಸಮೇತ ಸುರಿದು ಉಳಿದ ಕಡಲೆಕಾಯಿ ಬೀಜ ಮೇಲೆ ಉದುರಿಸಿ. ನಾಲ್ಕು ಜನರಿಗೆ ಬೇಕಿದ್ದರೆ ಎರಡು ಸರದಿ ಮಾಡಿ. ಒರಳು ತುಂಬಿದರೆ ತಳದ್ದು ಜಜ್ಜುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ.

ಕೆಟ್ಟರೆ

ತಟ್ಟೆಯಲ್ಲಿ ನೀರು ನಿಂತರೆ ಎಳೆ ಒದ್ದೆಯಿತ್ತು, ಅಥವಾ ಮಾಡಿ ಬಹಳ ಹೊತ್ತಾಗಿದೆ. ಉಪ್ಪು, ಸಕ್ಕರೆ ಎರಡೂ ಕಾಯಿಯ ನೀರನ್ನು ಹೊರಗೆಳೆಯುತ್ತವೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುನ್ನ ಹಾಕುವುದು ಇದೇ ಕಾರಣಕ್ಕೆ. ಇಪ್ಪತ್ತು ನಿಮಿಷದಲ್ಲಿ ಸೊಮ್ ತಮ್ ಸೋತುಹೋಗುತ್ತದೆ. ತಿನ್ನುವವರು ಕೂತಮೇಲೆ ಕುಟ್ಟಿ. ತಟ್ಟೆಯ ತಳದಲ್ಲಿ ನಾಲ್ಕು ಚಮಚ ರಸ ಇರುವುದು ಸಹಜ, ಅದಕ್ಕೆ ಅನ್ನವಿದೆ.

ಉಪ್ಪು ಹೆಚ್ಚಾದರೆ ನೀರು ಹಾಕಬೇಡಿ, ಒಂದು ಹಿಡಿ ಎಳೆ, ಅರ್ಧ ನಿಂಬೆಹಣ್ಣಿನ ರಸ ಸೇರಿಸಿ. ಹುಳಿ ಹೆಚ್ಚಾದರೆ ಬೆಲ್ಲದ ಜೊತೆ ಒಂದೆರಡು ಹನಿ ಫಿಶ್ ಸಾಸ್ ಕೂಡ. ಬರೀ ಬೆಲ್ಲ ಹಾಕಿದರೆ ಪಾನಕವಾಗುತ್ತದೆ. ಖಾರ ಮೀರಿದ್ದಕ್ಕೆ ಮದ್ದಿಲ್ಲ, ಇನ್ನಷ್ಟು ಕಾಯಿ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ. ಕಹಿಯಾಗಿದ್ದರೆ ನಿಂಬೆ ಸಿಪ್ಪೆಯನ್ನೋ ಹೊತ್ತಿದ ಕಡಲೆಕಾಯಿ ಬೀಜವನ್ನೋ ಹುಡುಕಿ ತೆಗೆಯಿರಿ.

ಮುಂಚಿತವಾಗಿ ಮಾಡಿಡಬಹುದಾದ್ದೆಂದರೆ ಒಣಗಿಸಿದ ಎಳೆ, ಕರಗಿಸಿದ ಬೆಲ್ಲ, ಹುರಿದ ಬೀಜ. ಎಳೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ನಿಂಬೆ ಮಾತ್ರ ಆಗಿನದಾಗಲೇ ಹಿಂಡಬೇಕು.

ಜೊತೆಗೆ, ಮತ್ತು ಬೇರೆ ಕಾಯಿಗಳು

ಇಸಾನಿನಲ್ಲಿ ಇದಕ್ಕೆ ಜೊತೆ ಅಂಟಕ್ಕಿಯ ಅನ್ನ, ಕೆಂಡದ ಮೇಲೆ ಸುಟ್ಟ ಕೋಳಿ, ಹಸಿ ಎಲೆಕೋಸಿನ ಹೋಳು. ಅಸ್ಸಾಮಿನ ಬೋರಾ ಅಕ್ಕಿ ಅಂಟಕ್ಕಿಯೇ, ಈಶಾನ್ಯದವರ ಅಂಗಡಿಗಳಲ್ಲಿ ಕೇಳಿ ನೋಡಿ. ಕನಿಷ್ಠ ನಾಲ್ಕು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆ ಹಾಸಿದ ಇಡ್ಲಿ ಪಾತ್ರೆಯಲ್ಲಿ 20ರಿಂದ 25 ನಿಮಿಷ ಹಬೆಯಲ್ಲಿ ಬೇಯಿಸಿ, ನಡುವೆ ಒಮ್ಮೆ ಮಗುಚಿ. ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದರೆ ಅಂಟುಗಂಜಿಯಾಗುತ್ತದೆ.

ಇಸಾನ್ ಶೈಲಿಗೆ ಹೋಗುವ ಮನಸ್ಸಿದ್ದರೆ ಬೆಲ್ಲ ಒಂದು ಟೀ ಚಮಚಕ್ಕೆ ಇಳಿಸಿ, ಕಡಲೆಕಾಯಿ ಬೀಜ ಬಿಡಿ, ಫಿಶ್ ಸಾಸ್ ಅರ್ಧ ಮಾಡಿ ಒಂದು ಟೇಬಲ್ ಚಮಚ ಪ್ಲಾ ರಾ ಹಾಕಿ. ಕುದಿಸಿ ಬಾಟಲಿ ಮಾಡಿದ್ದನ್ನೇ ಕೊಳ್ಳಿ. ಹಸಿ ಸಿಹಿನೀರಿನ ಮೀನಿನಿಂದ ಯಕೃತ್ತಿನ ಹುಳು ಹರಡುವುದು ಇಸಾನಿನ ಹಳೆಯ ಆರೋಗ್ಯ ಸಮಸ್ಯೆ. ಹಸಿ ಉಪ್ಪೇಡಿಯನ್ನೂ ಅದೇ ಎಚ್ಚರಿಕೆಯಿಂದ ಬಿಡುವುದು ಮೇಲು. ಈ ಬಗೆಗೆ ಅಲ್ಲಿನವರು ಅಮಟೆಕಾಯಿಯ ಹೋಳೂ ಹಾಕುತ್ತಾರೆ. ಕರಾವಳಿ ಮಲೆನಾಡಿನವರಿಗೆ ಅದು ಮನೆಯದೇ ಕಾಯಿ; ಸಿಪ್ಪೆಯ ಸಮೇತ ಎರಡು ತೆಳುಹೋಳು ಸಾಕು, ನಿಂಬೆರಸ ಅಷ್ಟು ತಗ್ಗಿಸಿ.

ಪರಂಗಿ ಸಿಗದಿದ್ದರೆ ಹುಳಿ ಮಾವಿನಕಾಯಿ ಎಳೆ ಮಾಡಿ, ನಿಂಬೆಯನ್ನು ಅರ್ಧಕ್ಕಿಂತ ಕಡಿಮೆ ಹಾಕಿ, ಏಟು ಇನ್ನೂ ಮೆಲುವಾಗಿರಲಿ. ಬರೀ ಅಲಸಂದೆಯ ತಮ್ ಕೂಡ ಇದೆ, ಅದಕ್ಕೆ ಏಟು ಜೋರಾಗಿಯೇ ಬೀಳಬೇಕು. ಸೌತೆಕಾಯಿಯಾದರೆ ಬೀಜದ ಭಾಗ ತೆಗೆದು ಉದ್ದಕ್ಕೆ ಹೆಚ್ಚಿ, ಐದಾರು ಏಟಿಗೆ ನಿಲ್ಲಿಸಿ. ಸೌತೆ ಪರಂಗಿಗಿಂತ ಬೇಗ ನೀರು ಬಿಡುವುದರಿಂದ ಒರಳಿನಿಂದ ನೇರ ತಟ್ಟೆಗೆ, ತಟ್ಟೆಯಿಂದ ನೇರ ಬಾಯಿಗೆ.